ಒಂದೇ ತೊಟ್ಟಿಯಲ್ಲಿ ಮೀನೂ ಕಪ್ಪೆಯೂ: ತೋಟಗಾರರಿಗೊಂದು ಪಾಠ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮೊದಲಿನಿಂದಲೂ ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವು ಕದಂಬ ದೊರೆ ಕಾಕುಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅದು 5ನೆಯ ಶತಮಾನದ ಮಾತು. ಕೆರೆ ಇದ್ದಲ್ಲಿ ಮೀನೂ ಇರುತ್ತದೆ, ಕಪ್ಪೆಯೂ ಇರುತ್ತದೆ. ಬೇಸಿಗೆಯಲ್ಲಿ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುವ ನಮ್ಮ ಜನರಿಗೂ, ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಹಳ್ಳಕ್ಕೆ ಓಡುವ ಹುಡುಗರಿಗೂ ಇದು ಹೊಸ ವಿಷಯವಲ್ಲ.

ಹೊಸದಾಗಿರುವುದು ತೊಟ್ಟಿ ಮತ್ತು ಹೊಂಡ. ಅಡಿಕೆ ತೋಟದ ತಲೆಯಲ್ಲಿ ಸಿಮೆಂಟಿನ ತೊಟ್ಟಿ, ಬೋರಿನ ನೀರು ತುಂಬಿಸಿಡಲು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ, ಕಾಫಿ ಗಿಡಗಳಿಗೆ ನೀರು ಕೊಡಲು ತೆಗೆದ ಗುಂಡಿ, ಇವೆಲ್ಲ ಈಗ ಸಣ್ಣ ಹಿಡುವಳಿಗಳಲ್ಲೂ ಕಾಣುತ್ತವೆ. 2014-15ರಲ್ಲಿ ರಾಜ್ಯದಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಮೇಲಂತೂ ಕೃಷಿಹೊಂಡದ ಹೆಸರು ಕೇಳದ ರೈತನಿಲ್ಲ. ನೀರು ನಿಂತ ಮೇಲೆ ಮೀನು ಬಿಡುವ ಆಸೆ ಸಹಜ. ಮೀನು ಬಿಟ್ಟ ಮೇಲೆ ಕರೆಯದೆಯೇ ಕಪ್ಪೆ ಬರುತ್ತದೆ. ಕೆಲವು ಮನೆಗಳಲ್ಲಿ ಮಕ್ಕಳೇ ಗೊದಮೊಟ್ಟೆಗಳನ್ನು ಬೊಗಸೆಯಲ್ಲಿ ತಂದು ಮೀನಿನ ತೊಟ್ಟಿಗೆ ಬಿಡುವುದೂ ಉಂಟು. ಆಗ ಏಳುವ ಪ್ರಶ್ನೆ ಒಂದೇ: ಇವೆರಡೂ ಒಂದೇ ತೊಟ್ಟಿಯಲ್ಲಿ ಕೂಡಿ ಬಾಳುತ್ತವೆಯೇ?

ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿಯದೆ ಎರಡು ಬಗೆಯ ನಷ್ಟ ಆಗುತ್ತಿದೆ. ಹಣ ಕೊಟ್ಟು ತಂದ ಮೀನುಮರಿ ಕೈಬಿಡುವುದು ಒಂದು. ಮೀನುಮರಿ ಸತ್ತದ್ದಕ್ಕೆಲ್ಲ ಕಪ್ಪೆಯೇ ಕಾರಣವೆಂದು ಬಗೆದು ಅದನ್ನು ಬಡಿದು ಹಾಕುವುದು ಇನ್ನೊಂದು. ಎರಡನೆಯ ನಷ್ಟ ಲೆಕ್ಕದ ಪುಸ್ತಕದಲ್ಲಿ ಬರೆಯುವಂಥದ್ದಲ್ಲವಾದರೂ ತೋಟಕ್ಕೆ ತಟ್ಟುವಂಥದ್ದು. ಆದುದರಿಂದ ಈ ಸಲದ ಪಾಠವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಮೊದಲು ಗುರುತು ತಿಳಿಯೋಣ

ನಾವು ಒಟ್ಟಾರೆ ಕಪ್ಪೆ ಎಂದು ಕರೆಯುವ ಪ್ರಾಣಿಗಳಲ್ಲಿ ಹಲವು ಜಾತಿಗಳಿವೆ. ತೊಟ್ಟಿಯ ಮಟ್ಟಿಗೆ ನಾಲ್ಕನ್ನು ಗುರುತಿಸಿದರೆ ಸಾಕು.

ಮೊದಲನೆಯದು ನೆಲಗಪ್ಪೆ. ಒರಟು ಚರ್ಮ, ಮೈತುಂಬ ಗಂಟು, ಕಣ್ಣಿನ ಹಿಂದೆ ಎರಡು ಕಡೆ ಉಬ್ಬಿದ ಗ್ರಂಥಿ. ಇದು ದೂರ ನೆಗೆಯಲಾರದು; ಸಣ್ಣದಾಗಿ ಕುಪ್ಪಳಿಸುತ್ತದೆ. ಸಂಜೆ ಅಂಗಳದ ದೀಪದ ಕೆಳಗೆ ಕುಳಿತು ಹುಳು ಹಿಡಿಯುವುದು ಇದೇ. ಮೊಟ್ಟೆ ಇಡಲು ಮಾತ್ರ ನೀರಿಗೆ ಇಳಿಯುತ್ತದೆ. ಉಳಿದ ಕಾಲವೆಲ್ಲ ನೆಲದ ಮೇಲೆಯೇ ಇರುತ್ತದೆ.

ಎರಡನೆಯದು ಗೋಂಕುರುಕಪ್ಪೆ. ನಮ್ಮ ಗದ್ದೆಗಳ ಅತಿ ದೊಡ್ಡ ಕಪ್ಪೆ. ಗೇಣುದ್ದದ ಹತ್ತಿರಕ್ಕೆ ಬೆಳೆಯುತ್ತದೆ. ಮುಂಗಾರಿನ ಮೊದಲ ಜೋರು ಮಳೆಗೆ ಗಂಡುಗಳು ಅರಿಶಿನದಂತೆ ಹಳದಿಯಾಗಿ, ಗಂಟಲ ಪಕ್ಕದ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತವೆ.

ಮೂರನೆಯದು ನೀರುಗಪ್ಪೆ. ಕಣ್ಣು ಮಾತ್ರ ಮೇಲಿಟ್ಟು ನೀರಿನಲ್ಲಿ ತೇಲುತ್ತದೆ. ಹತ್ತಿರ ಹೋದರೆ ನೀರಿನ ಮೇಲೆಯೇ ಕುಪ್ಪಳಿಸುತ್ತ ಓಡುತ್ತದೆ. ವರ್ಷವಿಡೀ ನೀರಿನಲ್ಲಿಯೇ ವಾಸ.

ನಾಲ್ಕನೆಯದು ಮರಗಪ್ಪೆ. ಬೆರಳ ತುದಿಯಲ್ಲಿ ಬಿಲ್ಲೆಯಂಥ ಅಂಟು. ಬಚ್ಚಲುಮನೆಯ ಗೋಡೆಯಲ್ಲಿ ಕಾಣಸಿಗುವುದು ಇದೇ. ಮಳೆಗಾಲದಲ್ಲಿ ತೊಟ್ಟಿಯ ಒಳಗೋಡೆಗೆ, ನೀರಿಗಿಂತ ಮೇಲೆ, ಬಿಳಿಯ ನೊರೆಯ ಮುದ್ದೆ ಅಂಟಿರುವುದನ್ನು ನೋಡಿರಬಹುದು. ಅದು ಮರಗಪ್ಪೆಯ ಗೂಡು. ಮೊಟ್ಟೆಗಳು ಆ ನೊರೆಯೊಳಗೆ ಇರುತ್ತವೆ. ಕೆಲವೇ ದಿನಗಳಲ್ಲಿ ಮರಿಗಳು ಹೊರಬಿದ್ದು ಕೆಳಗಿನ ನೀರಿಗೆ ಉದುರುತ್ತವೆ. ಅದನ್ನು ಕೊಳಕೆಂದು ಕೆರೆದು ತೆಗೆಯಬಾರದು.

ಯಾರು ಯಾರನ್ನು ತಿನ್ನುತ್ತಾರೆ?

ಮೀನಿಗೂ ಕಪ್ಪೆಗೂ ಹುಟ್ಟುಹಗೆ ಏನೂ ಇಲ್ಲ. ಇಲ್ಲಿರುವ ನಿಯಮ ಒಂದೇ: ಬಾಯಿಗೆ ಹಿಡಿಸಿದ್ದು ಆಹಾರ. ಕಪ್ಪೆ ಅಗಿಯುವುದಿಲ್ಲ; ಇಡಿಯಾಗಿ ನುಂಗುತ್ತದೆ. ಆದುದರಿಂದ ತನ್ನ ಬಾಯಿಯ ಅಗಲಕ್ಕೆ ಹೊಂದುವ, ಅಲುಗಾಡುವ ಯಾವ ಪ್ರಾಣಿಯನ್ನಾದರೂ ಹಿಡಿಯುತ್ತದೆ. ಗೋಂಕುರುಕಪ್ಪೆಗೆ ಏಡಿ, ಸಣ್ಣ ಇಲಿ, ಸಣ್ಣ ಹಾವು ಕೂಡ ಆಹಾರವೇ. ಅಂಗುಲ ಉದ್ದದ ಮೀನುಮರಿ ಅದಕ್ಕೆ ತುತ್ತಾಗುವುದರಲ್ಲಿ ಸಂಶಯವಿಲ್ಲ. ನೀರುಗಪ್ಪೆಯ ಮುಖ್ಯ ಆಹಾರ ಹುಳಹುಪ್ಪಟೆ. ತೀರ ಸಣ್ಣ ಮರಿ ಸಿಕ್ಕರೆ ಅದೂ ಬಿಡದು. ಕೈಬೆರಳಿಗಿಂತ ಉದ್ದ ಬೆಳೆದ ಕಾಟ್ಲಾ, ರೋಹುಗಳ ತಂಟೆಗೆ ನೀರುಗಪ್ಪೆ ಹೋಗಲಾರದು.

ಇನ್ನು ತಿರುಗಿ ನೋಡಿದರೆ ಮೀನು ಕಪ್ಪೆಗೆ ಮಾಡುವ ಹಾನಿಯೇ ದೊಡ್ಡದು. ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳೆರಡೂ ಮೀನಿಗೆ ಮೃದು ಆಹಾರ. ಹಾವಿನಂಥ ತಲೆಯ ಕೊರವ ಮೀನು ಗೊದಮೊಟ್ಟೆಯನ್ನಲ್ಲದೆ ಬೆಳೆದ ಕಪ್ಪೆಯನ್ನೂ ನುಂಗುತ್ತದೆ. ಸೊಳ್ಳೆ ನಿವಾರಣೆಗೆಂದು ಬಿಡುವ ಗ್ಯಾಂಬೂಸಿಯಾ ಮೀನು ಗಾತ್ರದಲ್ಲಿ ಚಿಕ್ಕದಾದರೂ ಗೊದಮೊಟ್ಟೆಗಳ ಬಾಲ ಕಚ್ಚಿ ಹರಿಯುತ್ತದೆ, ಎಳೆಯವನ್ನು ತಿನ್ನುತ್ತದೆ. ಈ ಮೀನು ನಮ್ಮ ದೇಶದ್ದಲ್ಲ. 1928ರಲ್ಲಿ ಹೊರಗಿನಿಂದ ತಂದದ್ದು. ಇಂಥ ಮೀನು ತುಂಬಿದ ಸಣ್ಣ ತೊಟ್ಟಿಯಲ್ಲಿ ಕಪ್ಪೆಯ ಸಂತಾನ ಉಳಿಯುವುದು ಕಷ್ಟ.

ಗೊದಮೊಟ್ಟೆಗಳಲ್ಲೂ ಭೇದವಿದೆ. ಹೆಚ್ಚಿನವು ಪಾಚಿ ಕೆರೆದು ತಿನ್ನುತ್ತವೆ. ಗೋಂಕುರುಕಪ್ಪೆಯ ಗೊದಮೊಟ್ಟೆ ಮಾತ್ರ ಮಾಂಸಾಹಾರಿ. ಉಳಿದ ಜಾತಿಯ ಗೊದಮೊಟ್ಟೆಗಳನ್ನೂ, ತನ್ನ ಒಡಹುಟ್ಟುಗಳನ್ನೂ ತಿನ್ನುತ್ತದೆ. ನಮ್ಮದೇ ಈ ಕಪ್ಪೆ ಅಂಡಮಾನ್ ದ್ವೀಪಗಳಿಗೆ ಹೊರಗಿನಿಂದ ಸೇರಿಕೊಂಡು ಅಲ್ಲಿನ ಕಪ್ಪೆಗಳ ಮರಿಗಳಿಗೆ ಕಂಟಕವಾಗಿದೆ. ಆದುದರಿಂದ ಮೀನುಮರಿಯ ಚೀಲ ಬಿಚ್ಚಿದ ಕೂಡಲೇ ತೊಟ್ಟಿಗೆ ಸುರಿಯದೆ, ಅಗಲವಾದ ಪಾತ್ರೆಯಲ್ಲಿ ಒಮ್ಮೆ ಪರೀಕ್ಷಿಸಿ ನೋಡುವುದು ಲೇಸು.

ನೆಲಗಪ್ಪೆಯ ವಿಷ

ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿಗಳಲ್ಲಿ ಹಾಲಿನಂಥ ವಿಷವಿರುತ್ತದೆ. ನಾಯಿ ಅದನ್ನು ಕಚ್ಚಿದರೆ ಬಾಯಲ್ಲಿ ನೊರೆ ಸುರಿಸುವುದು ಇದರಿಂದಲೇ. ನೆಲಗಪ್ಪೆ ತಾನಾಗಿ ವಿಷ ಚಿಮ್ಮುವುದಿಲ್ಲ. ಅದನ್ನು ಮುಟ್ಟಿದರೆ ನರಹುಲಿ ಬರುತ್ತದೆಂಬುದೂ ಸುಳ್ಳು. ಆದರೆ ಮುಟ್ಟಿದ ಕೈಯನ್ನು ಕಣ್ಣಿಗೆ, ಬಾಯಿಗೆ ತಾಗಿಸದೆ ಸೋಪಿನಿಂದ ತೊಳೆದುಕೊಳ್ಳಬೇಕು.

ಇದರ ಮೊಟ್ಟೆಗಳು ನೀರಿನಲ್ಲಿ ಉದ್ದನೆಯ ಲೋಳೆಯ ದಾರದಂತೆ ಇರುತ್ತವೆ. ದಾರದೊಳಗೆ ಕರಿಮಣಿ ಪೋಣಿಸಿದ ಹಾಗೆ ಮೊಟ್ಟೆ. ಮರಿಗಳು ಕಪ್ಪಾಗಿದ್ದು ಗುಂಪುಗುಂಪಾಗಿ ಈಜುತ್ತವೆ. ಮೊಟ್ಟೆ, ಮರಿ ಎರಡರಲ್ಲೂ ವಿಷದ ಅಂಶವಿದೆ. ಬಹಳಷ್ಟು ಮೀನುಗಳು ಒಮ್ಮೆ ಬಾಯಿಗೆ ಹಾಕಿ ಉಗುಳಿಬಿಡುತ್ತವೆ. ಹಸಿದ ಮೀನು ನುಂಗಿ ಸಾಯುವುದೂ ಉಂಟು. ದೊಡ್ಡ ಕೆರೆಯಲ್ಲಿ ಇದರ ಪರಿಣಾಮ ಕಾಣದು. ಮೂರು ನಾಲ್ಕು ಕೊಡ ನೀರು ಹಿಡಿಸುವ ಗಾಜಿನ ತೊಟ್ಟಿಯಲ್ಲಿ ನೆಲಗಪ್ಪೆಯನ್ನು ಕೂಡಿಹಾಕಿದರೆ, ಅದು ಗಾಬರಿಯಿಂದ ಸ್ರವಿಸಿದ್ದೂ ಸತ್ತು ಕೊಳೆತದ್ದೂ ಅದೇ ನೀರಿನಲ್ಲಿ ಉಳಿಯುತ್ತದೆ. ಆದುದರಿಂದ ನೆಲಗಪ್ಪೆಯನ್ನು ಮೀನಿನ ತೊಟ್ಟಿಯಲ್ಲಿ ಇಡಲೇಬಾರದು. ಅದು ನೆಲದ ಜೀವಿ. ಸದಾ ಈಜುತ್ತಿರಲು ಅದಕ್ಕೆ ಸಾಧ್ಯವಿಲ್ಲ.

ಇನ್ನೊಂದು ವಿಚಿತ್ರವೂ ಉಂಟು. ಮೊಟ್ಟೆಯಿಡುವ ಕಾಲದಲ್ಲಿ ಗಂಡುಕಪ್ಪೆಗೆ ಹೆಣ್ಣು ಸಿಗದಿದ್ದರೆ ದೊಡ್ಡ ಮೀನನ್ನೇ ಬಿಗಿಯಾಗಿ ತಬ್ಬಿಕೊಳ್ಳುವುದುಂಟು. ಹಿಡಿತ ಕಿವಿರಿನ ಮೇಲೆ ಬಿದ್ದರೆ ಮೀನಿಗೆ ಉಸಿರು ಕಟ್ಟುತ್ತದೆ.

ಕೆರೆಯಲ್ಲಿ ಆಗುವುದು ತೊಟ್ಟಿಯಲ್ಲಿ ಏಕಾಗದು?

ಹಾಗಾದರೆ ಕೆರೆಯಲ್ಲಿ ಸಾವಿರಾರು ವರ್ಷಗಳಿಂದ ಇವೆರಡೂ ಹೇಗೆ ಕೂಡಿ ಬಾಳಿವೆ? ಈ ಪಾಠದ ತಿರುಳು ಇರುವುದೇ ಇಲ್ಲಿ. ಕೆರೆಗೆ ಅಂಚು ಇದೆ, ತೊಟ್ಟಿಗೆ ಅಂಚು ಇಲ್ಲ.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ ಹೋದವರು ನೆನಪಿಸಿಕೊಳ್ಳಲಿ. ಏರಿಯ ಹತ್ತಿರ ಆಳದ ನೀರು. ಹಿನ್ನೀರಿನ ಕಡೆಗೆ ಹೋದಂತೆ ಮೊಳಕಾಲುದ್ದ, ಗೇಣುದ್ದ, ಬೆರಳುದ್ದ ನೀರು. ಅದರಲ್ಲಿ ಹುಲ್ಲು, ಜೊಂಡು. ದೊಡ್ಡ ಮೀನು ಆ ಹುಲ್ಲಿನ ನಡುವೆ ನುಗ್ಗಲಾರದು. ಕಪ್ಪೆ ಮೊಟ್ಟೆಯಿಡುವುದು ಅಲ್ಲಿಯೇ. ಅಲ್ಲದೆ ಕೆರೆಯ ಸುತ್ತ ಮಳೆಗೆ ತುಂಬಿ ಬೇಸಿಗೆಗೆ ಒಣಗುವ ಕುಳಿಗಳು, ಗದ್ದೆಗಳು ಇರುತ್ತವೆ. ವರ್ಷಕ್ಕೊಮ್ಮೆ ಒಣಗುವ ನೀರಿನಲ್ಲಿ ಮೀನು ಸಂಸಾರ ಹೂಡಲಾರದು. ಕಪ್ಪೆಗೆ ಬೇಕಾದುದು ಅಂಥ ನೀರೇ. ನೆಲಗಪ್ಪೆಯ ಮರಿಗೆ ಐದಾರು ವಾರ ನೀರು ಸಿಕ್ಕಿದರೆ ಕಾಲು ಬಂದು ದಡ ಹತ್ತುತ್ತದೆ. ಆಮೇಲೆ ನೀರು ಒಣಗಿದರೂ ಚಿಂತೆಯಿಲ್ಲ.

ತೊಟ್ಟಿಯಲ್ಲಿ ಇದೊಂದೂ ಇಲ್ಲ. ನಾಲ್ಕು ಕಡೆ ನೆಟ್ಟಗಿನ ಗೋಡೆ, ಎಲ್ಲ ಕಡೆಯೂ ಒಂದೇ ಆಳ. ಗೊದಮೊಟ್ಟೆಗೆ ಅಡಗಲು ಜಾಗವಿಲ್ಲ, ಮೀನುಮರಿಗೂ ಇಲ್ಲ, ಬೆಳೆದ ಕಪ್ಪೆಗೆ ಹತ್ತಿ ಹೋಗಲು ದಾರಿಯೂ ಇಲ್ಲ. ಕಪ್ಪೆಗೆ ಶ್ವಾಸಕೋಶವಿದೆ, ಚರ್ಮದಿಂದಲೂ ಉಸಿರಾಡುತ್ತದೆ. ಆದರೆ ದಡವಿಲ್ಲದೆ ಈಜಿ ಈಜಿ ಸೋತ ನೆಲಗಪ್ಪೆ ನೀರಿನಲ್ಲಿಯೇ ಮುಳುಗಿ ಸಾಯುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಜಾರಿಕೆ ಬೇರೆ. ಹೊಂಡದಲ್ಲಿ ಸತ್ತ ಕಪ್ಪೆಗಳನ್ನು ಕಂಡಾಗ ಮೀನು ಕಚ್ಚಿ ಕೊಂದಿತೆಂದು ತಿಳಿಯುವವರುಂಟು. ನಿಜವಾಗಿ ಕೊಂದದ್ದು ಗೋಡೆ.

ಮೀನುಮರಿ ಮಾಯವಾದರೆ

ಬಿಟ್ಟ ಮರಿ ಕಾಣದಾದಾಗ ತೀರ್ಪು ಕೊಡುವ ಮುನ್ನ ನಾಲ್ಕು ಕಡೆ ನೋಡಬೇಕು.

ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಉಸಿರಿನ ಕೊರತೆ. ಮೋಡ ಕವಿದ ದಿನಗಳಲ್ಲಿ, ಸೆಗಣಿ ಹೆಚ್ಚು ಹಾಕಿದ ನೀರಿನಲ್ಲಿ ಹೀಗಾಗುತ್ತದೆ. ಕಾಫಿ ಪಲ್ಪರಿನ ನೀರು, ಅಡಿಕೆ ಬೇಯಿಸಿದ ಚೊಗರು ಹರಿದು ಬಂದರಂತೂ ಒಂದೇ ರಾತ್ರಿಯಲ್ಲಿ ಮೀನೆಲ್ಲ ತೇಲಬಹುದು. ಇದಕ್ಕೆ ಕಪ್ಪೆ ಕಾರಣವಲ್ಲ.

ಹೆಣ ಕಾಣದೆ ದಿನಕ್ಕಿಷ್ಟು ಮರಿ ಕಡಿಮೆಯಾಗುತ್ತಿದ್ದರೆ ಮಿಂಚುಳ್ಳಿ, ನೀರುಕಾಗೆ, ಬಕಪಕ್ಷಿಗಳನ್ನು ಗಮನಿಸಬೇಕು. ನೀರಿನ ಒಳ್ಳೆಹಾವು ಮೀನು, ಕಪ್ಪೆ ಎರಡನ್ನೂ ತಿನ್ನುತ್ತದೆ.

ತೀರ ಎಳೆಯ ಮರಿ ಬಿಟ್ಟಿದ್ದರೆ ನೀರಿನ ಹುಳುಗಳೇ ಶತ್ರು. ಕೊಡತಿಹುಳುವಿನ, ಅಂದರೆ ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನ ತಳದಲ್ಲಿದ್ದು ಮೀನುಮರಿಯನ್ನು ಹಿಡಿದು ತಿನ್ನುತ್ತವೆ.

ಇವೆಲ್ಲ ನೋಡಿದ ಮೇಲೂ ರಾತ್ರಿ ಟಾರ್ಚಿನ ಬೆಳಕಿಗೆ ದೊಡ್ಡ ಗೋಂಕುರುಕಪ್ಪೆಗಳು ತೊಟ್ಟಿಯಲ್ಲಿ ಕಂಡರೆ ಆಗ ಕಪ್ಪೆಯ ಮೇಲೆ ಅನುಮಾನ ನ್ಯಾಯ. ಅದಕ್ಕೂ ಪರಿಹಾರ ಕೊಲ್ಲುವುದಲ್ಲ. ಮರಿಯನ್ನು ಮೂರು ನಾಲ್ಕು ಅಂಗುಲಕ್ಕೆ ಬೆಳೆದ ಮೇಲೆಯೇ ಬಿಡುವುದು ಮತ್ತು ತೊಟ್ಟಿಯ ಸುತ್ತ ಎರಡಡಿ ಎತ್ತರದ ಸಣ್ಣ ಕಣ್ಣಿನ ಬಲೆ ಕಟ್ಟುವುದು, ಇವೆರಡರಿಂದ ಕೆಲಸವಾಗುತ್ತದೆ.

ಮೈಲುತುತ್ತದ ಮಾತು

ನಮ್ಮ ಸದಸ್ಯ ಬಾಂಧವರು ಹೆಚ್ಚು ಗಮನ ಕೊಡಬೇಕಾದ ಭಾಗವಿದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಮೈಸೂರು ಸಂಸ್ಥಾನದ ಕಾಲದಿಂದ ಬಂದದ್ದು. ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದರು. ಇಂದಿಗೂ ಅಡಿಕೆ ಬೆಳೆಗಾರನಿಗೆ ಈ ಔಷಧವೇ ಆಧಾರ. ಅದನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಅದು ನೀರಿಗೆ ಬೀಳದಂತೆ ನೋಡಿಕೊಳ್ಳಿರೆಂದು ಹೇಳುತ್ತಿದ್ದೇವೆ.

ಕಾಲವನ್ನು ಗಮನಿಸಿರಿ. ಮೊದಲ ಔಷಧ ಹೊಡೆಯುವುದು ಮುಂಗಾರಿನ ಬಾಗಿಲಿಗೆ. ಎರಡನೆಯದು ಅದಾದ 40-45 ದಿನಕ್ಕೆ. ಕಪ್ಪೆಗಳು ಮೊಟ್ಟೆಯಿಡುವುದೂ, ಗೊದಮೊಟ್ಟೆ ಬೆಳೆಯುವುದೂ ಅದೇ ದಿನಗಳಲ್ಲಿ. ರೋಹಿಣಿ, ಮೃಗಶಿರ ಮಳೆಯಲ್ಲಿ ಕೂಗಿದ ಕಪ್ಪೆಯ ಮರಿ ಆರಿದ್ರಾ, ಪುನರ್ವಸುವಿನಲ್ಲಿ ಬಸಿಗಾಲುವೆಯಲ್ಲಿರುತ್ತದೆ.

ಲೆಕ್ಕ ಹೀಗಿದೆ. ಶೇಕಡ 1ರ ದ್ರಾವಣಕ್ಕೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಂದರೆ ಒಂದು ಲೀಟರಿನಲ್ಲಿ 10 ಗ್ರಾಂ ಮೈಲುತುತ್ತ. ಅದರಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ. 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ತೊಟ್ಟಿ ಸುಮಾರು ಸಾವಿರ ಲೀಟರು ಹಿಡಿಸುತ್ತದೆ. ಅದಕ್ಕೆ ಒಂದೇ ಲೀಟರು ದ್ರಾವಣ ಬಿದ್ದರೂ ಪ್ರತಿ ಲೀಟರು ನೀರಿಗೆ ಎರಡೂವರೆ ಮಿಲಿಗ್ರಾಂ ತಾಮ್ರ ಸೇರಿದಂತಾಯಿತು. ಸುಣ್ಣ ಸರಿಯಾಗಿ ಬೆರೆತಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಕರಗದೆ ತಳಕ್ಕೆ ಇಳಿಯುತ್ತದೆ, ನಿಜ. ಆದರೆ ಕರಗಿದ ತಾಮ್ರ ಒಂದು ಮಿಲಿಗ್ರಾಮಿಗಿಂತ ಕಡಿಮೆಯಿದ್ದಾಗಲೂ ಮೀನುಮರಿಗೆ, ಗೊದಮೊಟ್ಟೆಗೆ ಮಾರಕವಾಗಬಲ್ಲುದು. ಮಲೆನಾಡಿನ ನೀರು ಸುಣ್ಣದ ಅಂಶ ಕಡಿಮೆಯಿರುವ ಮೆದುನೀರು. ಮೆದುನೀರಿನಲ್ಲಿ ತಾಮ್ರದ ಉರಿ ಹೆಚ್ಚು.

ದ್ರಾವಣ ಸರಿಯಾಗಿದೆಯೇ ಎಂದು ನೋಡುವ ಹಳೆಯ ಪರೀಕ್ಷೆ ಎಲ್ಲರಿಗೂ ಗೊತ್ತು. ತಿಕ್ಕಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗು ಕೆಂಪಾದರೆ ತಾಮ್ರ ಬಿಡಿಯಾಗಿ ಉಳಿದಿದೆ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಈ ಪರೀಕ್ಷೆಯಿಂದ ಅಡಿಕೆಯ ಹಿಂಗಾರವೂ ಸುಡುವುದಿಲ್ಲ, ನೀರಿನ ಜೀವಕ್ಕೂ ಅಪಾಯ ಕಡಿಮೆ.

ದ್ರಾವಣವನ್ನು ತೊಟ್ಟಿಯ ಪಕ್ಕದಲ್ಲಿ ಕಲಸಬಾರದು. ಡ್ರಮ್ಮು, ಪಂಪು, ಕೊಳವೆಗಳನ್ನು ಕೆರೆ, ಹಳ್ಳ, ಬಸಿಗಾಲುವೆಗಳಲ್ಲಿ ತೊಳೆಯಬಾರದು. ತಳದಲ್ಲಿ ಉಳಿದ ಗಷ್ಟನ್ನು ನೀರು ಹರಿಯದ ಕಡೆ ಗುಂಡಿ ತೋಡಿ ಮುಚ್ಚಬೇಕು. ತೊಟ್ಟಿಯ ಮೇಲೆ ಬಾಗಿದ ಮರಗಳಿಗೆ ಹೊಡೆಯುವ ದಿನ ತೊಟ್ಟಿಗೆ ತಾಡಪಾಲು ಮುಚ್ಚಿಸಿರಿ. ಕೊನೆಗಾರರಿಗೆ ಇದನ್ನು ಕೆಲಸಕ್ಕೆ ಮೊದಲೇ ಹೇಳಿರಬೇಕು; ಮರ ಹತ್ತಿದ ಮೇಲೆ ಕೂಗಿ ಹೇಳಿ ಪ್ರಯೋಜನವಿಲ್ಲ.

ಎರಡು ನೀರಿನ ಏರ್ಪಾಡು

ಮೇಲಿನದೆಲ್ಲ ಕೂಡಿಸಿ ನೋಡಿದರೆ ದಾರಿ ತಾನಾಗಿ ತೋರುತ್ತದೆ. ಒಂದೇ ತೊಟ್ಟಿಯಲ್ಲಿ ಎರಡನ್ನೂ ತುಂಬುವ ಬದಲು ಅಕ್ಕಪಕ್ಕ ಎರಡು ನೀರು ಮಾಡುವುದು: ಬತ್ತದ ನೀರು ಮೀನಿಗೆ, ಬತ್ತುವ ನೀರು ಕಪ್ಪೆಗೆ.

ಮೀನಿನ ಹೊಂಡ: ಐದಾರು ಅಡಿ ನೀರು ನಿಲ್ಲುವಂತಿರಲಿ. ಕಾಟ್ಲಾ, ರೋಹು, ಮೃಗಾಲ್‌ಗಳನ್ನು ಕೂಡಿಸಿ ಸಾಕುವಾಗ ಹೆಕ್ಟೇರಿಗೆ 5,000 ಬೆಳೆದ ಮರಿ ಎಂಬುದು ರೂಢಿಯ ಲೆಕ್ಕ. ಒಂದು ಗುಂಟೆಯ ಹೊಂಡಕ್ಕೆ ಇದು ಸುಮಾರು 50 ಮರಿಯಾಗುತ್ತದೆ. ಇನ್ನೂರು ಮುನ್ನೂರು ಬಿಟ್ಟು ಆಮೇಲೆ ಕಪ್ಪೆ ತಿಂದಿತೆಂದರೆ ಲೆಕ್ಕ ಹೊಂದದು. ಕೊರವ ಮೀನನ್ನು ಇವುಗಳ ಜೊತೆ ಸೇರಿಸಬಾರದು. ಆಫ್ರಿಕನ್ ಕ್ಯಾಟ್‌ಫಿಷ್ ಸಾಕಣೆಗೆ ನಿಷೇಧವಿದೆ. ಯಾರು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಹತ್ತುವ ದಾರಿ: ಪ್ರತಿ ತೊಟ್ಟಿಗೂ ಹೊಂಡಕ್ಕೂ ಒಂದು ಮೂಲೆಯಲ್ಲಿ ಅಡಿಕೆಯ ದಬ್ಬೆಯನ್ನು ಇಳಿಜಾರಾಗಿ ಇಳಿಬಿಡಿರಿ. ತುದಿ ತಳ ಮುಟ್ಟಬೇಕು. ನೀರು ಇಳಿದಾಗಲೂ ದಾರಿ ಇರಬೇಕು. ದಬ್ಬೆಯ ಮೇಲೆ ಹಳೆಯ ಗೋಣಿ ಸುತ್ತಿದರೆ ಜಾರುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಹಾಳೆ ಹರಿಯದಂತೆ ಗಂಟು ಹಾಕಿದ ದಪ್ಪ ತೆಂಗಿನ ಹಗ್ಗವನ್ನೋ ಹಳೆಯ ಬಲೆಯನ್ನೋ ಇಳಿಬಿಡುವುದು ಒಳ್ಳೆಯದು. ಕಾಲು ಜಾರಿ ಬಿದ್ದ ಕರುವಿಗೂ ಮಗುವಿಗೂ ಹೊಂಡ ಅಪಾಯವೇ ಆದುದರಿಂದ ಸುತ್ತ ಬೇಲಿ ಕಡ್ಡಾಯ.

ಕಪ್ಪೆಯ ಕುಳಿ: ಹೊಂಡದಿಂದ ಸ್ವಲ್ಪ ದೂರದಲ್ಲಿ, ತೋಟದ ತಗ್ಗಿನಲ್ಲಿ, 6 ಅಡಿ ಉದ್ದ 4 ಅಡಿ ಅಗಲದ ಕುಳಿ ತೆಗೆಯಿರಿ. ಒಂದು ತುದಿ ಒಂದೂವರೆ ಅಡಿ ಆಳ, ಇನ್ನೊಂದು ತುದಿ ನೆಲಕ್ಕೆ ಸಮ. ಅಂಚಿಗೆ ನಾಲ್ಕು ಕಲ್ಲು, ಸ್ವಲ್ಪ ಹುಲ್ಲು. ಮಳೆನೀರು ತಾನಾಗಿ ತುಂಬಲಿ. ಮೀನಿನ ಹೊಂಡದ ಕೋಡಿನೀರು ಇದಕ್ಕೆ ಬರಬಾರದು. ಬಂದರೆ ಮೀನೂ ಬರುತ್ತದೆ. ಔಷಧದ ನೀರು ಹರಿಯುವ ಬಸಿಗಾಲುವೆಗೂ ಇದಕ್ಕೂ ಸಂಬಂಧವಿರಬಾರದು. ಬೇಸಿಗೆಯಲ್ಲಿ ಇದು ಒಣಗಿದರೆ ತುಂಬಿಸಲು ಹೋಗಬೇಡಿ. ಒಣಗುವುದೇ ಅದರ ಗುಣ.

ಸೊಳ್ಳೆಯ ಮಾತು ಬಂದೇ ಬರುತ್ತದೆ. ಈ ಕುಳಿಯನ್ನು ಮನೆಯ ಬಾಗಿಲಲ್ಲಿ ಮಾಡಬಾರದು; ತೋಟದೊಳಗೆ ಇರಲಿ. ಡೆಂಗೆ ಹರಡುವ ಸೊಳ್ಳೆ ಹೆಚ್ಚಾಗಿ ಬೆಳೆಯುವುದು ಮನೆಯ ಸುತ್ತಲಿನ ಡ್ರಮ್ಮು, ಟಯರು, ಒಡೆದ ಕೊಡ, ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ನೀರಿನಲ್ಲಿ. ಅವನ್ನು ವಾರಕ್ಕೊಮ್ಮೆ ಚೆಲ್ಲುವುದು ಮೊದಲ ಕೆಲಸ. ಮನೆಯ ತೊಟ್ಟಿಗೆ ಬೇಕಾದರೆ ಗಪ್ಪಿ ಮೀನು ಬಿಡಿರಿ. ಅದನ್ನು ಹಳ್ಳಕ್ಕೆ, ಕೆರೆಗೆ ಹೋಗಲು ಬಿಡಬೇಡಿ.

ಇಷ್ಟು ಶ್ರಮದಿಂದ ತೋಟಕ್ಕೇನು ಲಾಭ ಎಂದು ಕೇಳಬಹುದು. ನೆಲಗಪ್ಪೆಯ ಆಹಾರದಲ್ಲಿ ಇರುವೆ, ಗೆದ್ದಲು, ದುಂಬಿಗಳೇ ಮುಖ್ಯ. ಅಡಿಕೆಯ ಬೇರುಹುಳುವಿನ ದುಂಬಿಗಳು ಮುಂಗಾರಿನ ಆರಂಭದಲ್ಲಿ ಸಂಜೆಯ ಹೊತ್ತು ಮಣ್ಣಿನಿಂದ ಏಳುತ್ತವೆ. ನೆಲಗಪ್ಪೆ ಹೊರಡುವುದೂ ಅದೇ ಹೊತ್ತಿಗೆ. ಕಪ್ಪೆಯೊಂದರಿಂದಲೇ ಬೇರುಹುಳು ತೊಲಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ಕೂಲಿ ಕೇಳದ ಆಳನ್ನು ಹೊಡೆದೋಡಿಸುವುದು ಜಾಣತನವಲ್ಲ.

ಗಾಜಿನ ತೊಟ್ಟಿ ಮತ್ತು ಮಕ್ಕಳು

ಮಕ್ಕಳು ಕಪ್ಪೆ ಸಾಕಬೇಕೆನ್ನುವುದು ತಪ್ಪಲ್ಲ. ಅದು ಕಲಿಯುವ ಆಸೆ. ಆದರೆ ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಮಾತ್ರ ಇರಲಿ. ಮೀನಿನ ಕಾಯಿಲೆಗೆ ಹಾಕುವ ಉಪ್ಪು, ಪೊಟ್ಯಾಸಿಯಂ ಪರ್ಮಾಂಗನೇಟು, ತಾಮ್ರದ ಔಷಧಗಳು ಕಪ್ಪೆಯ ತೆಳು ಚರ್ಮದ ಮೂಲಕ ಮೈಗೆ ಸೇರುತ್ತವೆ. ಮೀನಿಗೆ ಮದ್ದಾದದ್ದು ಗೊದಮೊಟ್ಟೆಗೆ ಮೃತ್ಯು. ಪೇಟೆಯ ಅಂಗಡಿಯಲ್ಲಿ ಸಿಗುವ ಹೊರದೇಶದ ಕಪ್ಪೆಗಳನ್ನು ತರುವುದು ಇನ್ನೂ ಅಪಾಯ. ಕೈಟ್ರಿಡ್ ಎಂಬ ಬೂಸ್ಟುರೋಗ ಕಪ್ಪೆಗಳ ಚರ್ಮಕ್ಕೆ ತಗುಲಿ ಜಗತ್ತಿನ ಎಷ್ಟೋ ಕಡೆ ಜಾತಿಗಳನ್ನೇ ಅಳಿಸಿದೆ. ಅದು ಹರಡಿದ್ದರಲ್ಲಿ ಕಪ್ಪೆಗಳ ವ್ಯಾಪಾರದ ಪಾಲು ದೊಡ್ಡದು. ಬೇಸರವಾದಾಗ ಇಂಥ ಕಪ್ಪೆಯನ್ನಾಗಲಿ ಅಲಂಕಾರದ ಮೀನನ್ನಾಗಲಿ ಊರ ಕೆರೆಗೆ ಬಿಡುವುದು ಪುಣ್ಯದ ಕೆಲಸವಲ್ಲ.

ಕಾಯಿದೆಯನ್ನೂ ತಿಳಿದಿರಬೇಕು. ಒಂದು ಕಾಲಕ್ಕೆ ನಮ್ಮ ದೇಶದಿಂದ ವರ್ಷಕ್ಕೆ ಸಾವಿರಾರು ಟನ್ ಕಪ್ಪೆಯ ಕಾಲುಗಳು ಹೊರದೇಶದ ಊಟದ ಮೇಜಿಗೆ ಹೋಗುತ್ತಿದ್ದವು. ಅದಕ್ಕೆ ಹೆಚ್ಚಾಗಿ ಬಲಿಯಾದದ್ದು ಗೋಂಕುರುಕಪ್ಪೆ. 1985ರಲ್ಲಿ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ಸರ್ಕಾರ ಈ ರಫ್ತನ್ನೇ ನಿಷೇಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗಳು 2022ರ ತಿದ್ದುಪಡಿಯಿಂದ ಹೊಸದಾಗಿವೆ. ಆದುದರಿಂದ ಗದ್ದೆ, ಕಾಡುಗಳಿಂದ ಕಪ್ಪೆ ಹಿಡಿದು ತಂದು ಕೂಡಿಹಾಕುವುದು ಬೇಡ. ಸಂದೇಹವಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಕಪ್ಪೆಯ ಕುಳಿಯೇ ಮಕ್ಕಳ ಪಾಠಶಾಲೆಯಾಗಲಿ. ಮೊಟ್ಟೆ ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಹಿಂಗಾಲು ಮೊದಲು ಬರುತ್ತದೆಯೋ ಮುಂಗಾಲೋ, ಬಾಲ ಎಂದು ಕರಗಿತು, ಮೊದಲ ಮರಿಗಪ್ಪೆ ಯಾವ ದಿನ ಕಲ್ಲು ಹತ್ತಿತು ಎಂದು ಬರೆದಿಡಲಿ. ತಂದು ಸಾಕಿದ್ದಕ್ಕಿಂತ ಇದರಲ್ಲಿ ಕಲಿಯುವುದು ಹೆಚ್ಚು.

ನೆನಪಿಡಬೇಕಾದುವು

1. ನೆಟ್ಟಗಿನ ಗೋಡೆಯ ಸಣ್ಣ ತೊಟ್ಟಿಯಲ್ಲಿ ಮೀನು, ಕಪ್ಪೆ ಎರಡನ್ನೂ ಕೂಡಿಸಬಾರದು. ನೆಲಗಪ್ಪೆಯನ್ನಂತೂ ಇಡಲೇಬಾರದು.

2. ಮೂರು ನಾಲ್ಕು ಅಂಗುಲ ಬೆಳೆದ ಮೀನುಮರಿಯನ್ನೇ ಬಿಡಬೇಕು. ಗುಂಟೆಗೆ ಸುಮಾರು 50.

3. ಪ್ರತಿ ತೊಟ್ಟಿಗೂ ಒಂದು ದಬ್ಬೆಯ ದಾರಿ, ಪ್ರತಿ ಹೊಂಡಕ್ಕೂ ಬೇಲಿ.

4. ಬೋರ್ಡೋ ದ್ರಾವಣ, ಚೊಗರು, ಪಲ್ಪರಿನ ನೀರು ಯಾವ ನೀರಿಗೂ ಸೇರಬಾರದು.

5. ಮೀನಿಗೆ ಬತ್ತದ ನೀರು, ಕಪ್ಪೆಗೆ ಬತ್ತುವ ನೀರು.

ಮನೆಯವರೆಲ್ಲ ಕೂಡಿ ಉತ್ತರಿಸಲು

ನಮ್ಮ ತೊಟ್ಟಿಗೆ ಬಿದ್ದ ಕಪ್ಪೆ ಹೊರಬರಲು ದಾರಿ ಇದೆಯೇ? ಕಳೆದ ಮಳೆಗಾಲದಲ್ಲಿ ಔಷಧದ ಡ್ರಮ್ಮನ್ನು ಎಲ್ಲಿ ತೊಳೆದೆವು? ಆ ನೀರು ಹರಿದು ಎಲ್ಲಿಗೆ ಸೇರಿತು? ನಮ್ಮ ತೋಟದಲ್ಲಿ ಎಷ್ಟು ಬಗೆಯ ಕಪ್ಪೆಯ ಕೂಗು ಕೇಳುತ್ತದೆ?

ಮುಂಗಾರಿಗೆ ಮೊದಲೇ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡರೆ ಒಳ್ಳೆಯದು. ಒಂದು ದಬ್ಬೆ, ಒಂದು ಕುಳಿ, ಒಂದು ದಿನದ ಕೆಲಸ. ಇದಕ್ಕೆ ಸಾಲ ಬೇಕಿಲ್ಲ, ಅರ್ಜಿಯೂ ಬೇಕಿಲ್ಲ.